ಬಳಕೆಯಾಗದ ತರಂಗಾಂತರದ ಶೋಧ: ಅಮೆರಿಕದ ಅನುಭವ

ಅಮೆರಿಕದ ಫೆಡರಲ್ ಸಂಪರ್ಕ ಆಯೋಗವು ನೇಮಿಸಿದ್ದ ಕಾರ್ಯಪಡೆಯು 2002ರ ನವೆಂಬರಿನಲ್ಲಿ ಸಲ್ಲಿಸಿದ ವರದಿಯು, ತರಂಗಾಂತರದ ಕೊರತೆಗೆ ಪ್ರಕೃತಿಗಿಂತ ಹಂಚಿಕೆಯ ನಿಯಮಗಳೇ ಹೆಚ್ಚು ಕಾರಣವೆಂದು ಅಭಿಪ್ರಾಯಪಟ್ಟಿತು. ಪರವಾನಗಿ ಪಡೆದವರು ಬಳಸದೆ ಬಿಟ್ಟ ಆವರ್ತನಗಳನ್ನು ಅನ್ಯರು ಬಳಸಬಹುದಾದರೂ ಅವು ನಿಜವಾಗಿ ಖಾಲಿಯಿವೆ ಎಂಬುದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ ಇಲ್ಲಿ ಹುಟ್ಟಿತು.

ಹ್ಯಾರಿ ಉರ್ಕೊವಿಟ್ಸ್ 1967ರಲ್ಲಿ ವಿವೇಚಿಸಿದ ಶಕ್ತಿಮಾಪನ ವಿಧಾನವು ಸರಳವಾದುದು: ಗ್ರಾಹಕಕ್ಕೆ ಬಂದ ಶಕ್ತಿಯನ್ನು ಅಳೆದು ನಿಗದಿತ ಮಿತಿಯೊಡನೆ ಹೋಲಿಸುವುದು. ಆದರೆ ಹಿನ್ನೆಲೆಯ ಗದ್ದಲದ ಮಟ್ಟವೇ ಖಚಿತವಿಲ್ಲದಿದ್ದರೆ, ಒಂದು ಹಂತಕ್ಕಿಂತ ಕ್ಷೀಣವಾದ ಸಂಕೇತವನ್ನು ಎಷ್ಟು ಹೊತ್ತು ಆಲಿಸಿದರೂ ಗುರುತಿಸಲಾಗದು. ನೆರೆಯ ಸಾಧನಗಳ ಅಡ್ಡಸಂಕೇತಗಳು ಈ ಅನಿಶ್ಚಿತತೆಯನ್ನು ಮತ್ತಷ್ಟು ಹೆಚ್ಚಿಸುತ್ತವೆ. ಇದಕ್ಕಿಂತ ದೊಡ್ಡ ತೊಡಕು ಮರೆಯದು. ಗುಡ್ಡದ ಅಥವಾ ಕಟ್ಟಡದ ಮರೆಯಲ್ಲಿರುವ ಸಂವೇದಕಕ್ಕೆ ಏನೂ ಕೇಳಿಸದಿದ್ದಾಗಲೂ ಪ್ರಸಾರವು ನಡೆಯುತ್ತಲೇ ಇರಬಹುದು. ಈ ಭಯದಿಂದಲೇ ಆಯೋಗವು 2008ರ ನವೆಂಬರಿನಲ್ಲಿ ದೂರದರ್ಶನದ ಖಾಲಿ ವಾಹಿನಿಗಳ ಬಳಕೆಗೆ ಅನುಮತಿಯಿತ್ತಾಗ, ಪ್ರತಿಯೊಂದು ಸಾಧನವೂ ಮೈನಸ್ 114 ಡಿಬಿಎಂನಷ್ಟು, ಅಂದರೆ ಒಂದು ಮಿಲಿವ್ಯಾಟಿನ ಸುಮಾರು 25,000 ಕೋಟಿಯಲ್ಲಿ ಒಂದು ಭಾಗದಷ್ಟು, ಕ್ಷೀಣ ಸಂಕೇತವನ್ನೂ ಗುರುತಿಸಬೇಕೆಂದು ವಿಧಿಸಿತು.

ಈ ಹೊರೆಯನ್ನು ಹಂಚಿಕೊಳ್ಳುವ ಮಾರ್ಗವನ್ನು ಬರ್ಕ್ಲಿಯ ಮಿಶ್ರಾ, ಸಹಾಯ್ ಮತ್ತು ಬ್ರೋಡರ್ಸನ್ 2006ರಲ್ಲಿಯೇ ತೋರಿಸಿದ್ದರು. ಬೇರೆಬೇರೆ ಕಡೆಗಳಲ್ಲಿರುವ ಹತ್ತಿಪ್ಪತ್ತು ಸಂವೇದಕಗಳು ಏಕಕಾಲಕ್ಕೆ ಮರೆಯಲ್ಲಿರುವ ಸಂಭವ ತೀರಾ ಕಡಿಮೆ. ಆದ್ದರಿಂದ ಒಂದೊಂದರ ಸೂಕ್ಷ್ಮತೆಯೂ ಅಷ್ಟೊಂದಿರಬೇಕಿಲ್ಲ. ಒಂದೇ ಗುಡ್ಡದ ನೆರಳಿನಲ್ಲಿ ನೂರು ಸಂವೇದಕಗಳನ್ನಿಟ್ಟರೆ ಮಾತ್ರ ಹೆಚ್ಚಿನ ಪ್ರಯೋಜನವಿಲ್ಲ. ಅವರ ಅಧ್ಯಯನದ ಇನ್ನೊಂದು ಫಲಿತವು ಹೆಚ್ಚು ಮನನೀಯ: ಹತ್ತರಲ್ಲಿ ಒಂದು ಸಂವೇದಕವು ಊಹಿಸಲಾಗದ ರೀತಿಯಲ್ಲಿ ತಪ್ಪು ವರದಿ ನೀಡಬಹುದಾದರೆ, ಎಷ್ಟೇ ಸಂವೇದಕಗಳು ಸೇರಿದರೂ ದೊರೆಯುವ ಲಾಭ ವಿಶ್ವಾಸಾರ್ಹವಾದ ಹತ್ತರದ್ದನ್ನು ಮೀರದು.

2010ರ ಸೆಪ್ಟೆಂಬರಿನಲ್ಲಿ ಆಯೋಗವು ತನ್ನ ಸ್ಥಾನವನ್ನು ತಿಳಿದು ದತ್ತಸಂಚಯವನ್ನು ವಿಚಾರಿಸಬಲ್ಲ ಸಾಧನಗಳಿಗೆ ಈ ಆಲಿಸುವ ಕಡ್ಡಾಯವನ್ನು ಕೈಬಿಟ್ಟಿತು. ಇದನ್ನು ಸಂವೇದನ ವಿಧಾನದ ಸೋಲೆಂದು ಬಗೆಯುವುದು ಅವಸರದ ತೀರ್ಮಾನ. ದೂರದರ್ಶನದ ಗೋಪುರಗಳು ಸ್ಥಿರವಾದುವು, ಪಟ್ಟಿ ಸಾಕು. ಚಲಿಸುವ ಯುದ್ಧನೌಕೆಗಳ ರಾಡಾರ್‌ಗಳಿಗೆ ಅಂತಹ ಪಟ್ಟಿಯನ್ನು ಪ್ರಕಟಿಸಲಾಗದು. ಹೀಗಾಗಿ 3550ರಿಂದ 3700 ಮೆಗಾಹರ್ಟ್ಸ್ ಪಟ್ಟಿಯ ಸಹಬಳಕೆಗಾಗಿ 2015ರಲ್ಲಿ ರೂಪಿಸಿದ ನಿಯಮಗಳಲ್ಲಿ ಸಂವೇದಕಜಾಲಕ್ಕೆ ಮತ್ತೆ ಸ್ಥಾನ ದೊರೆಯಿತು. ಈ ಬಾರಿ ಆಲಿಸುವ ಹೊಣೆ ಜನರ ಕೈಯ ಸಾಧನಗಳದಲ್ಲ. ಆಯೋಗದ ಅನುಮೋದನೆ ಪಡೆದ ನಿರ್ವಾಹಕರು ಕರಾವಳಿಯುದ್ದಕ್ಕೂ ನೆಟ್ಟ ಸಂವೇದಕಗಳದು. 2020ರ ಜನವರಿಯಲ್ಲಿ ಈ ವ್ಯವಸ್ಥೆಯ ಪೂರ್ಣ ವಾಣಿಜ್ಯ ಬಳಕೆಗೆ ಒಪ್ಪಿಗೆ ದೊರೆಯಿತು. ಆ ಸಂವೇದಕಗಳಿಗೆ ರಾಡಾರ್ ಕೇಳಿಸುವಂತಿರಲು ಅವುಗಳ ಸುತ್ತಲಿನ ಪ್ರದೇಶದಲ್ಲಿ ಇತರರ ಪ್ರಸಾರವನ್ನು ಮಿತಿಗೊಳಿಸಬೇಕಾಯಿತು.