ಚುಕ್ಕಿಗಳ ನಡುವಿನ ಮಸುಕು

ಊರಿಗೆ ಹೋದಾಗಲೆಲ್ಲ ದಾವಣಗೆರೆಯಿಂದ ಹರಿಹರಕ್ಕೊಂದು ಸುತ್ತು ಹೋಗಿಬರೋದು ನನ್ನ ಹಳೇ ಚಾಳಿ. ಮೊನ್ನೆಯೂ ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲಿ ಕೂತಿದ್ದೆ. 1224ರ ಹೊಯ್ಸಳರ ಕಂಬಗಳು. ದೂರದಿಂದ ಎಲ್ಲಾ ಒಂದೇ ಅಚ್ಚು, ಹತ್ತಿರ ಹೋದರೆ ಒಂದೊಂದರ ಮುಕ್ಕು ಒಂದೊಂದು ಥರ. ಯಾಕೋ ವಜ್ರ ನೆನಪಾಯ್ತು!

ಹರಳಿನೊಳಗೂ ಪರಮಾಣುಗಳು ಹೀಗೇ ಸಾಲಾಗಿ ನಿಂತಿರುತ್ತವೆ. ಎಕ್ಸ್-ರೇ ಹಾಯಿಸಿದರೆ ಫಿಲ್ಮಿನ ಮೇಲೆ ಚೂಪಾದ ಚುಕ್ಕಿಗಳು ಬೀಳುತ್ತವೆ. ಅವು ಹೇಳೋದು ಸರಾಸರಿ ಜೋಡಣೆಯನ್ನು ಮಾತ್ರ. ಯಾವ ಪರಮಾಣು ಜಾಗ ಬಿಟ್ಟು ಅಲುಗಿದೆ, ಎಲ್ಲಿ ಬೇರೆಯದೊಂದು ನುಸುಳಿದೆ ಅನ್ನೋ ಸುದ್ದಿ ಇರೋದು ಆ ಚುಕ್ಕಿಗಳ ನಡುವಿನ ಮಸುಕಿನಲ್ಲಿ.

1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ಪಿ. ನೀಲಕಂಠನ್ ವಜ್ರದ ಎಕ್ಸ್-ರೇ ಚಿತ್ರದಲ್ಲಿ ಲೆಕ್ಕಕ್ಕೆ ಸಿಗದ ಹೆಚ್ಚುವರಿ ಚುಕ್ಕಿಗಳನ್ನು ಕಂಡರು. ಎಕ್ಸ್-ರೇಯೇ ಹರಳನ್ನು ಕಂಪಿಸುವಂತೆ ಮಾಡುತ್ತದೆ ಅನ್ನೋದು ರಾಮನ್ ವಾದ. ಲಂಡನ್ನಿನ ಕ್ಯಾಥ್ಲೀನ್ ಲಾನ್ಸ್‌ಡೇಲ್, ಎಡಿನ್‌ಬರೊದ ಮ್ಯಾಕ್ಸ್ ಬಾರ್ನ್ ಒಪ್ಪಲಿಲ್ಲ. ಶಾಖದಿಂದ ಪರಮಾಣುಗಳು ಮೊದಲೇ ನಡುಗುತ್ತಿರುತ್ತವೆ, ಇದು ಅದರ ಗುರುತು ಅಂದರು. ಕೊನೆಗೆ ಗೆದ್ದಿದ್ದು ಅವರ ವಾದವೇ. ರಾಮನ್ ಮಾತ್ರ ಬಹಳ ಕಾಲ ಪಟ್ಟು ಬಿಡಲಿಲ್ಲ.

ಕತೆ ಅಲ್ಲಿಗೇ ಮುಗಿಯಲಿಲ್ಲ... ಕೆಲವು ವಜ್ರಗಳಲ್ಲಿ ಮಾತ್ರ ಕಾಣುತ್ತಿದ್ದ ಮುಳ್ಳಿನಂಥ ಗೆರೆಗಳಿಗೆ ಈ ನಡುಕದ ಲೆಕ್ಕವೂ ಸಾಲಲಿಲ್ಲ. 1944ರಲ್ಲಿ ಬೆಂಗಳೂರಿನ ಅದೇ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಎಕ್ಸ್-ರೇಯಿಂದ ವಜ್ರದ ನಕ್ಷೆಯನ್ನೇ ತೆಗೆದು, ಒಂದೇ ವಜ್ರದೊಳಗೂ ಜೋಡಣೆ ಎಲ್ಲೆಡೆ ಒಂದೇ ಸಮ ಇಲ್ಲ ಅಂತ ತೋರಿಸಿದರು. 1956ರಲ್ಲಿ ಚಾರ್ಲ್ಸ್ ಫ್ರ್ಯಾಂಕ್, ಆ ಗೆರೆಗಳಿಗೆ ಕಾರಣ ಹರಳಿನೊಳಗಿನ ತೆಳು ಹಾಳೆಯಂಥ ದೋಷಗಳು ಅಂದರು. 1962ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವು ಕಂಡೇಬಿಟ್ಟವು!

ಇಂಜಿನಿಯರಿಂಗ್ ಓದುವಾಗ ಲ್ಯಾಬ್ ರೆಕಾರ್ಡಿನಲ್ಲಿ ಗೆರೆಗೆ ಕೂರದ ಬಿಂದುಗಳನ್ನು ರಬ್ಬರಿನಿಂದ ಅಳಿಸಿ ಪೂರ್ತಿ ಮಾರ್ಕ್ಸ್ ತಗೊಂಡವನು ನಾನು. ಈಗಲೂ ಆಫೀಸಿನಲ್ಲಿ ಲಾಗ್ ಫೈಲಿನಲ್ಲಿ ವಿಚಿತ್ರ ಸಾಲು ಕಂಡರೆ ಕಸ ಅಂತ ಫಿಲ್ಟರ್ ಹಾಕಿಬಿಡ್ತೀನಿ. ಹೋದ ತಿಂಗಳು ಹಾಗೆ ಮುಚ್ಚಿಟ್ಟ ಸಾಲಿನ ಹಿಂದೆಯೇ ನಿಜವಾದ ಬಗ್ ಇತ್ತು. ಎರಡು ರಾತ್ರಿ ನಿದ್ದೆ ಹೋಯ್ತು.

ರಾಮನ್ ಕೊಟ್ಟ ವಿವರಣೆ ತಪ್ಪಾಯ್ತು, ನಿಜ. ಆದರೆ ಅವರು ಚುಕ್ಕಿಗಳನ್ನು ಅಳಿಸಲಿಲ್ಲ, ಅಚ್ಚು ಹಾಕಿಸಿ ಎಲ್ಲರ ಮುಂದಿಟ್ಟರು. ಅದಕ್ಕೇ ಬೇರೆಯವರಿಗೆ ತಿದ್ದಲು ಸಾಧ್ಯವಾಯ್ತು. ನಾನು ಅಳಿಸಿದ ಬಿಂದುಗಳನ್ನು ಯಾರು ತಿದ್ದಬೇಕು?

ನೀವೂ ಹೀಗೆ ಏನಾದ್ರೂ ಅಳಿಸಿದ್ದೀರಾ? ಹೇಳಿ, ನಾನೊಬ್ಬನೇ ಅಲ್ಲ ಅಂತ ಸಮಾಧಾನವಾದರೂ ಆಗಲಿ :-)