ಅರಿಯದೆ ಕೊಂಡ ಕಳವಿನ ಸೊತ್ತು

ಕಲಬುರಗಿಯಲ್ಲಿ ತಕ್ಕ ಬೆಲೆ ತೆತ್ತು ಕೊಂಡ ಹಳೆಯ ಕಾರು ಕಳವಿನದೆಂದು ಆಮೇಲೆ ತಿಳಿದರೆ, ಅದರ ಒಡೆತನ ಯಾರದು? ಪ್ರಶ್ನೆ ಹೊಸದಲ್ಲ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳ ಮಾರ್ಗವಾಗಿ ಸಾಗಿದರೆ ದೊರೆಯುವ ಕಲ್ಯಾಣವನ್ನು ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಒಡೆಯನಲ್ಲದವನು ಮಾಡುವ ಮಾರಾಟವನ್ನು ಆ ಸ್ಮೃತಿ ‘ಅಸ್ವಾಮಿವಿಕ್ರಯ’ವೆಂದು ಪ್ರತ್ಯೇಕವಾಗಿ ವಿಚಾರಿಸುತ್ತದೆ. ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರ ಅಗ್ಗವಾಗಿ ಕೊಂಡವನು ಕಳ್ಳನಿಗೆ ಸಮಾನ. ಕೊಂಡವನು ಮಾರಿದವನನ್ನು ತೋರಿಸಿಕೊಟ್ಟರೆ ನಿರ್ದೋಷಿ. ಆಗ ವಸ್ತು ಒಡೆಯನಿಗೆ, ದಂಡ ಅರಸನಿಗೆ, ಕೊಟ್ಟ ಬೆಲೆ ಮಾರಿದವನಿಂದ ಕೊಂಡವನಿಗೆ ಸಲ್ಲಬೇಕು.

ಮಾರುವವನಿಗಿಲ್ಲದ ಒಡೆತನ ಕೊಳ್ಳುವವನಿಗೂ ಬಾರದೆಂಬುದೇ 1930ರ ಸರಕು ಮಾರಾಟ ಅಧಿನಿಯಮದ 27ನೆಯ ಪ್ರಕರಣದ ಸಾಮಾನ್ಯ ನಿಯಮ. ಕಳವಿನದೆಂದು ತಿಳಿದೂ ಅಪ್ರಾಮಾಣಿಕವಾಗಿ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆ, 2023ರ ಪ್ರಕಾರ ಅಪರಾಧ.

ಕಳ್ಳನು ತಂದುದನ್ನು ಕೊಳ್ಳುವುದನ್ನು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಎಚ್ಚರವಹಿಸಿಯೂ ಅರಿಯದೆ ಕೊಂಡ ಶ್ರಾವಕನಿಗೆ ನಿಜವಾದ ಪರೀಕ್ಷೆ ಅರಿತ ದಿನದಿಂದ ತೊಡಗುತ್ತದೆ. ಮಾರಿದವನು ಪರಾರಿಯಾಗಿದ್ದರೆ ಕೊಟ್ಟ ಹಣ ಮರಳದಿರಬಹುದು. ಆದರೂ ಕಾರನ್ನೂ ಕಾಗದಪತ್ರಗಳನ್ನೂ ಪೊಲೀಸರಿಗೆ ಒಪ್ಪಿಸುವುದೇ ಧರ್ಮ. ತನ್ನ ನಷ್ಟವನ್ನು ತುಂಬಿಕೊಳ್ಳಲು ಅದನ್ನು ಮತ್ತೊಬ್ಬನಿಗೆ ಮಾರಿದರೆ, ಅದು ಎರಡನೆಯ ಕಳವು. ಅದನ್ನು ಅರಿಯದೆ ಮಾಡಿದೆನೆಂದು ಹೇಳುವಂತಿಲ್ಲ.