ತಾಲೀಮಿನಿಂದ ಪರದೆಗೆ: ಚಿಕ್ಕೋಡಿ ಸೀಮೆಯಲ್ಲಿ ಸಮುದಾಯ ಚಿತ್ರನಿರ್ಮಾಣದ ನೆಲೆಗಳು

ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳ ಸಂಘಟನೆಯ ಬಗ್ಗೆ 1982ರಲ್ಲಿ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಕಪ್ಪು-ಬಿಳುಪು ಸಾಕ್ಷ್ಯಚಿತ್ರವೊಂದು ತಯಾರಾಯಿತು. ತೆಗೆದವರು 1980ರಲ್ಲಿ ಬೆಂಗಳೂರಿನಲ್ಲಿ ಕೂಡಿಕೊಂಡ ‘ಯುಗಾಂತರ’ ಎಂಬ ಸ್ತ್ರೀವಾದಿ ಚಿತ್ರತಂಡದವರು: ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ಅವರ ಜೊತೆಗೆ ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್. ಕನ್ನಡದ ಚಲನಚಿತ್ರ ಚರ್ಚೆಯಲ್ಲಿ ಈ ಚಿತ್ರದ ಹೆಸರು ಕೇಳಿಬರುವುದು ಅಪರೂಪ. ಮಾತು ಮರಾಠಿಯಾದ್ದರಿಂದ ಕನ್ನಡದವರು ಇದನ್ನು ತಮ್ಮದೆನ್ನಲಿಲ್ಲ. ಊರು ಕರ್ನಾಟಕದ್ದಾದ್ದರಿಂದ ಆಚೆಯವರೂ ಹಚ್ಚಿಕೊಂಡಂತೆ ಕಾಣುವುದಿಲ್ಲ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಊರುಗಳಲ್ಲಿ, ಕಬ್ಬೂರದಂಥ ಸಣ್ಣ ಪಟ್ಟಣಗಳಲ್ಲಿ, ಸಂಬಳವಿಲ್ಲದೆ ಸ್ವಂತ ಆಸಕ್ತಿಯಿಂದ ಚಿತ್ರ ಮಾಡಬೇಕೆನ್ನುವವರಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ. ಸಮುದಾಯ ಮಾಧ್ಯಮದ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಬಹುಪಾಲು ಸಲಕರಣೆ ಮತ್ತು ತರಬೇತಿಯ ಸುತ್ತಲೇ ತಿರುಗುತ್ತದೆ. ಕ್ಯಾಮೆರಾ ಹಿಡಿಯುವ ಮೊದಲು ಕೂಡಿ ತೀರ್ಮಾನಿಸುವುದು, ಹಿಡಿದ ಮೇಲೆ ಅದೇ ಜನರ ಮುಂದೆ ತೋರಿಸಿ ತಿದ್ದಿಸಿಕೊಳ್ಳುವುದು, ಈ ಎರಡು ಕೆಲಸಗಳೇ ಸಮುದಾಯ ಚಿತ್ರವನ್ನು ಉಳಿದ ಚಿತ್ರಗಳಿಂದ ಬೇರೆ ಮಾಡುತ್ತವೆ, ಸ್ವಯಂಸೇವಕರಿಗೆ ನಿಜವಾದ ಅವಕಾಶ ಇರುವುದೂ ಅಲ್ಲಿಯೇ ಎಂಬುದು ಈ ಲೇಖನದ ವಾದ.

ಮೊದಲು, ಬಾನುಲಿ ಬಿಟ್ಟು ಚಿತ್ರವೇ ಏಕೆ ಎಂಬುದನ್ನು ಹೇಳಬೇಕು. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಆದರೂ ಸಮುದಾಯ ಬಾನುಲಿ 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಕ್ಕಿತು. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನವೆಂಬರಿನಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಈ ಕಾನೂನಿಗೆ ಕಾಯದೆ ಧ್ವನಿವರ್ಧಕ ಮತ್ತು ಕೇಬಲ್ ತಂತಿಯ ಮೂಲಕವೇ ಊರಿಗೆ ತಲುಪಿತ್ತು ಎಂಬುದು ಕರ್ನಾಟಕ ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. 2006ರ ನಂತರವೂ ಅರ್ಜಿ ಹಾಕುವ ಸಂಸ್ಥೆ ನೋಂದಣಿಯಾಗಿ ಮೂರು ವರ್ಷ ಆಗಿರಬೇಕು, ಪ್ರಸಾರದ ಶಕ್ತಿ ನೂರು ವ್ಯಾಟ್ ಮೀರಬಾರದು, ಸ್ವಂತ ಸುದ್ದಿ ಕೊಡಬಾರದು ಎಂಬ ಕಟ್ಟುಗಳು ಉಳಿದವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬಾನುಲಿ, ಬೆಳಗಾವಿಯ ಕೆಎಲ್ಇ ವೇಣುಧ್ವನಿ ಇವೆಲ್ಲ ಒಳ್ಳೆಯ ಕೆಲಸ ಮಾಡಿದರೂ ಅವುಗಳ ದನಿ ಹತ್ತು-ಹದಿನೈದು ಕಿಲೋಮೀಟರಿನಾಚೆ ಕ್ಷೀಣಿಸುತ್ತದೆ. ಘಟಪ್ರಭಾ ದಾಟಿ ಕಬ್ಬೂರದ ಕಡೆ ಬರುವ ಮಾತೇ ಇಲ್ಲ. ಚಿತ್ರಕ್ಕೂ ತನ್ನದೇ ತೊಡಕುಗಳಿವೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕು. ಊರ ಚೌಕದಲ್ಲಿ ಪರದೆ ಕಟ್ಟುವವರು ಇದನ್ನು ಮರೆಯುವಂತಿಲ್ಲ. ಆದರೂ ಚಿತ್ರ ತೆಗೆಯುವುದಕ್ಕೆ ಯಾರ ಪರವಾನಗಿಯೂ ಬೇಡ. ಒಂದು ಸಂಘ, ಎರಡು ಫೋನು, ಒಂದಿಷ್ಟು ತಾಳ್ಮೆ ಇದ್ದರೆ ಇಂದೇ ಶುರು ಮಾಡಬಹುದು.

ನಿಪ್ಪಾಣಿಯಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತಂಬಾಕನ್ನು ಕುಟ್ಟಿ, ಜರಡಿ ಹಿಡಿದು, ಚೀಲ ತುಂಬುವ ಆ ಕೆಲಸದಲ್ಲಿ ಇದ್ದವರು ಬಹುತೇಕ ಹೆಣ್ಣುಮಕ್ಕಳು. ಧೂಳು, ಕೆಮ್ಮು, ಅತ್ಯಲ್ಪ ಕೂಲಿ, ಮೇಲ್ವಿಚಾರಕರ ಕಿರುಕುಳ ಇವು ಅವರ ದಿನಚರಿಯಾಗಿದ್ದವು. ಇವರ ಸಂಘಟನೆ ಬೆಳೆದು ಸಾವಿರಾರು ಜನರ ಮುಷ್ಕರವಾಯಿತು. 1981ರಲ್ಲಿ ಇದೇ ನಿಪ್ಪಾಣಿಯಲ್ಲಿ ಶರದ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯ ಮೇಲೆ ಕೂತದ್ದು, ಏಪ್ರಿಲಿನಲ್ಲಿ ಗೋಲಿಬಾರು ನಡೆದು ರೈತರು ಸತ್ತದ್ದು ದೇಶದ ಪತ್ರಿಕೆಗಳಲ್ಲಿ ಬಂತು. ವಖಾರದೊಳಗಿನ ಹೆಣ್ಣುಮಕ್ಕಳ ಹೋರಾಟಕ್ಕೆ ಆ ಮಟ್ಟದ ಬೆಳಕು ಸಿಗಲಿಲ್ಲ. ಯುಗಾಂತರದವರು ಬಂದೊಡನೆ ಕ್ಯಾಮೆರಾ ಹೊರತೆಗೆಯಲಿಲ್ಲ. ನಾಲ್ಕು ತಿಂಗಳಷ್ಟು ಕಾಲ ಕೆಲಸಗಾರರ ಮಾತು ಕೇಳಿ, ಏನನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಅವರೊಂದಿಗೇ ಕೂತು ಗೊತ್ತುಮಾಡಿಕೊಂಡು, ಆಮೇಲೆ ಕಾರ್ಖಾನೆಯ ಒಳಗೇ ಚಿತ್ರೀಕರಿಸಿದರು. ಹೆಣ್ಣುಮಕ್ಕಳು ಕ್ಯಾಮೆರಾದ ಮುಂದೆ ತಮ್ಮ ಸಭೆಗಳನ್ನು, ವಾದಗಳನ್ನು ತಾವೇ ಮತ್ತೆ ನಡೆಸಿ ತೋರಿಸಿದರು. ಹೀಗೆ ತಯಾರಾದ ಚಿತ್ರ ಟಾಕೀಜಿಗಾಗಿ ಹುಟ್ಟಿದ್ದಲ್ಲ; ಬೇರೆ ಊರಿನ ಕೂಲಿಕಾರರ, ಮಹಿಳಾ ಸಂಘಗಳ ಕೂಟಗಳಲ್ಲಿ ತೋರಿಸಿ ಮಾತಾಡಲೆಂದು ಹುಟ್ಟಿದ್ದು. ಕ್ಯಾಮೆರಾ ಹಿಡಿದವರು ಹೊರಗಿನವರೇ ಆಗಿದ್ದರೂ ಚಿತ್ರದ ಒಡೆತನ ಹಂಚಿಹೋಗಿತ್ತು. ಹಿಡಿದ ಕೈ ಯಾರದು ಎನ್ನುವುದೇ ನಿರ್ಣಾಯಕ ಎಂದು ನಂಬಿದವರಿಗೆ ಈ ಉದಾಹರಣೆ ತುಸು ಕಸಿವಿಸಿ ತರಬೇಕು.

ಕೈಯೂ ಅವರದೇ ಆದಾಗ ಏನಾಗುತ್ತದೆ ಎಂಬುದಕ್ಕೆ ಬೀದರಿನ ಗಡಿಗೆ ಹತ್ತಿಕೊಂಡಿರುವ, ತೆಲಂಗಾಣದ ಜಹೀರಾಬಾದ್ ಬಳಿಯ ಪಸ್ತಾಪುರವಿದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳು, ಬಹುತೇಕ ಅಕ್ಷರ ಕಲಿಯದವರು, ಸಿರಿಧಾನ್ಯ, ಬೀಜ, ಬಿಟಿ ಹತ್ತಿ ಇವುಗಳ ಮೇಲೆ ಚಿತ್ರ ಮಾಡಿದರು. ಮುಂದೆ 2008ರಲ್ಲಿ ‘ಸಂಘಂ ರೇಡಿಯೋ’ವನ್ನೂ ನಡೆಸಿದರು. ಅವರು ಕ್ಯಾಮೆರಾದ ಕೋನಗಳಿಗೆ ತಮ್ಮದೇ ಹೆಸರಿಟ್ಟುಕೊಂಡರು. ಮೇಲಿನಿಂದ ಕೆಳಗೆ ನೋಡುವುದು ಪಟೇಲನ ನೋಟ, ಕೆಳಗಿನಿಂದ ಮೇಲೆ ನೋಡುವುದು ಜೀತದಾಳಿನ ನೋಟ, ಕಣ್ಣಿಗೆ ಕಣ್ಣು ಸಮವಾಗಿ ನಿಲ್ಲುವುದು ಸಂಘದ ನೋಟ. ಈ ವರ್ಗೀಕರಣ ಯಾವ ಚಲನಚಿತ್ರ ಶಾಲೆಯ ಪಠ್ಯಕ್ಕೂ ಕಡಿಮೆಯಲ್ಲ. ಇದು ತಿಂಗಳುಗಟ್ಟಲೆ ಸಂಘದ ಕೂಟದಲ್ಲಿ ಒಬ್ಬರ ಚಿತ್ರವನ್ನು ಹತ್ತು ಜನ ನೋಡಿ ಆಡಿದ ಮಾತಿನ ಫಲ, ಒಬ್ಬರ ಜಾಣತನದ ಫಲ ಅಲ್ಲ. 1975-76ರ ಉಪಗ್ರಹ ದೂರದರ್ಶನ ಪ್ರಯೋಗ ಇದರ ಎದುರು ತುದಿ. ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಬಂತು, ಕನ್ನಡದ ಕಾರ್ಯಕ್ರಮವೂ ಬಂತು, ಜನ ಗುಂಪುಗೂಡಿ ನೋಡಿದರು. ಆದರೆ ಮಾತು ಒಂದೇ ದಿಕ್ಕಿನಲ್ಲಿ ಹರಿಯಿತು. ಒಂದು ವರ್ಷದ ಅವಧಿ ಮುಗಿದು ಉಪಗ್ರಹ ಹಿಂದೆ ಸರಿದಾಗ ಆ ಊರುಗಳ ಕೈಯಲ್ಲಿ ಹೆಚ್ಚಿನದೇನೂ ಉಳಿಯಲಿಲ್ಲ.

ಕೂಡಿ ತೀರ್ಮಾನಿಸಿ, ಕೂಡಿ ತಿದ್ದುವ ಈ ಪದ್ಧತಿಯನ್ನು ಚಿಕ್ಕೋಡಿ ಸೀಮೆ ಹೊರಗಿನಿಂದ ಕಲಿಯಬೇಕಾಗಿಲ್ಲ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನಿಂದ ರೂಪುಗೊಂಡ ಶ್ರೀಕೃಷ್ಣ ಪಾರಿಜಾತ ಇಂದಿಗೂ ಈ ಭಾಗದ ಆಸ್ತಿ. ಅದರ ಪಕ್ಕದಲ್ಲೇ ಜಾತ್ರೆಯ ನಾಟಕ ಎಂಬ ಸಂಸ್ಥೆ ಇದೆ. ಜಾತ್ರೆಗೆ ಮೊದಲು ಊರ ಹುಡುಗರು ವರ್ಗಣಿ ಎತ್ತುತ್ತಾರೆ. ಮಾಸ್ತರರೊಬ್ಬರನ್ನು ಹಿಡಿದು ರಾತ್ರಿ ತಾಲೀಮು ನಡೆಸುತ್ತಾರೆ. ಸೀನರಿ, ಲೈಟು ಬಾಡಿಗೆಗೆ ತರುತ್ತಾರೆ. ಪೆಂಡಾಲಿನಲ್ಲಿ ಆಹೇರಿ ಮಾಡಿದವರ ಹೆಸರು ಮೈಕಿನಲ್ಲಿ ಕೂಗುತ್ತಾರೆ. ತಾಲೀಮು ನೋಡಲು ಬಂದ ಹಿರಿಯರು ಮಾತು ತಪ್ಪಿದಲ್ಲಿ ನಿಲ್ಲಿಸಿ ಹೇಳುತ್ತಾರೆ. ಹಣ, ತರಬೇತಿ, ಟೀಕೆ, ಪ್ರೇಕ್ಷಕರು ಎಲ್ಲವೂ ಊರೊಳಗಿನಿಂದಲೇ ಹುಟ್ಟುವ ಇಂಥ ಏರ್ಪಾಡು ಅಭಿವೃದ್ಧಿ ಸಂಸ್ಥೆಗಳ ಯೋಜನಾ ವರದಿಗಳಲ್ಲಿ ‘ಸುಸ್ಥಿರ’ ಎಂದು ಕರೆಸಿಕೊಳ್ಳುವ ಎಷ್ಟೋ ಏರ್ಪಾಡುಗಳಿಗಿಂತ ಗಟ್ಟಿಯಾದದ್ದು. ಮಲೆನಾಡಿನ ಹೆಗ್ಗೋಡಿನಲ್ಲಿ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, 1980ರ ದಶಕದಲ್ಲಿ ‘ಜನಸ್ಪಂದನ’ದ ಮೂಲಕ ಹಳ್ಳಿಗಳಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಒಯ್ದಾಗಲೂ ಅದರ ಬುಡದಲ್ಲಿದ್ದದ್ದು ಊರಿನ ನಾಟಕ ತಂಡವೇ. ನಾಟಕದಿಂದ ಚಿತ್ರಕ್ಕೆ ದಾಟುವ ದಾರಿ ಕರ್ನಾಟಕದಲ್ಲಿ ಒಮ್ಮೆ ತುಳಿದದ್ದು. ಹಾಗಾಗಿ ಕಬ್ಬೂರದ ಸುತ್ತಲಿನ ನಾಟಕ ಸಂಘವೊಂದು ತನ್ನ ತಾಲೀಮಿನ ಕಾಲದಲ್ಲೇ ಹದಿನೈದು ನಿಮಿಷದ ಚಿತ್ರವೊಂದನ್ನು ಮಾಡಿ, ಜಾತ್ರೆಯ ರಾತ್ರಿ ನಾಟಕಕ್ಕೆ ಮೊದಲು ತೋರಿಸುವುದು ಅಸಾಧ್ಯದ ಮಾತಲ್ಲ.

ಆದರೆ ಈ ಸಂಸ್ಥೆಯನ್ನು ಹಾಡಿ ಹೊಗಳುವುದಕ್ಕೂ ಮಿತಿ ಇದೆ. ಜಾತ್ರಾ ಕಮಿಟಿಯಲ್ಲಿ ಕೂರುವವರು ಸಾಮಾನ್ಯವಾಗಿ ಊರಿನ ಬಲಾಢ್ಯ ಜಾತಿಗಳ ಗಂಡಸರು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆಯೇ ಹೊರತು ಊರ ಹೆಣ್ಣುಮಕ್ಕಳು ವೇದಿಕೆ ಏರುವುದು ವಿರಳ. ಪಾರಿಜಾತದ ಕೌಜಲಗಿ ನಿಂಗಮ್ಮನಂಥವರ ಹೆಸರು ಇಂದಿಗೂ ಉಳಿದಿರುವುದಕ್ಕೆ ಕಲೆಯ ಜೊತೆಗೆ ಆ ಕಾಲದಲ್ಲಿ ಹೆಣ್ಣೊಬ್ಬಳು ಅಟ್ಟ ಏರಿದ ಧೈರ್ಯವೂ ಕಾರಣ. ಇಂಥ ಕಮಿಟಿಯ ಕೈಗೆ ಕ್ಯಾಮೆರಾ ಹೋದರೆ ಪಸ್ತಾಪುರದವರು ಹೇಳಿದ ಪಟೇಲನ ನೋಟವೇ ಪರದೆಯ ತುಂಬ ಬರುತ್ತದೆ. ನಿಪ್ಪಾಣಿಯ ಪಾಠ ಇಲ್ಲಿ ಬೇಕಾಗುತ್ತದೆ. ಅಲ್ಲಿ ತಾಲೀಮಿನ ಜಾಗದಲ್ಲಿ ಕೆಲಸಗಾರರ ಸಂಘವಿತ್ತು, ತಿದ್ದುವ ಹಿರಿಯರ ಜಾಗದಲ್ಲಿ ವಖಾರದ ಹೆಣ್ಣುಮಕ್ಕಳಿದ್ದರು. ಇಂದು ಪ್ರತಿ ಊರಿನಲ್ಲಿರುವ ಸ್ತ್ರೀಶಕ್ತಿ ಸ್ವಸಹಾಯ ಗುಂಪುಗಳು, ಬೀಡಿ ಕಟ್ಟುವವರ ಸಂಘಗಳು, ಸುಗ್ಗಿಯಲ್ಲಿ ಬಂದು ಹೋಗುವ ಕಬ್ಬು ಕಡಿಯುವವರ ಗ್ಯಾಂಗುಗಳು ನಾಟಕ ಸಂಘದ ಜೊತೆ ಸರಿಸಮವಾಗಿ ಕೂರದೆ ಇದ್ದರೆ ಆ ಚಿತ್ರವನ್ನು ಸಮುದಾಯದ್ದು ಎನ್ನುವುದು ಸುಳ್ಳು.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ತೀರ ಸಹಜವಾದದ್ದು. ಎಲ್ಲರ ಕೈಯಲ್ಲಿ ಫೋನು ಇದೆ. ಉತ್ತರ ಕರ್ನಾಟಕದ ಹಾಸ್ಯ ಕಿರುಚಿತ್ರಗಳನ್ನು ಯೂಟ್ಯೂಬಿನಲ್ಲಿ ಲಕ್ಷಾಂತರ ಜನ ನೋಡುತ್ತಾರೆ. ಇನ್ನು ಸಂಘ, ಸಭೆ, ತಾಲೀಮು ಯಾಕೆ? ಆ ಹಾಸ್ಯ ಚಿತ್ರಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಂಗಳೂರಿನ ಸಿನಿಮಾ ನಗೆಪಾತ್ರಗಳಿಗೆ ಮಾತ್ರ ಮೀಸಲಿಟ್ಟಿದ್ದ ನಮ್ಮ ಭಾಷೆಯನ್ನು ಅವು ಕಥಾನಾಯಕನ ಬಾಯಿಗೆ ತಂದಿವೆ. ಆದರೆ ಅವುಗಳ ಲೆಕ್ಕ ನೋಟಗಳ ಲೆಕ್ಕ, ಮತ್ತು ನೋಡುವವನು ಎಲ್ಲಿಯವನಾದರೂ ಸರಿ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದಾಗ ಮುಳುಗಿದ ಸೇತುವೆಗಳ, ಹೊಳೆಯಲ್ಲಿ ತೇಲಿದ ಮನೆಗಳ ದೃಶ್ಯಗಳು ಸಾವಿರಗಟ್ಟಲೆ ಫೋನುಗಳಿಂದ ಹೊರಬಂದವು. ನೀರು ಇಳಿದ ಮೇಲೆ ಪರಿಹಾರದ ಪಟ್ಟಿ ಹೇಗೆ ತಯಾರಾಯಿತು, ಬಾಡಿಗೆ ಮನೆಯವರು, ಹೊಲವಿಲ್ಲದ ಕೂಲಿಯವರು ಅದರಲ್ಲಿ ಎಲ್ಲಿ ನಿಂತರು, 2021ರಲ್ಲಿ ಮತ್ತೆ ನೀರು ಬಂದಾಗ ಊರು ಮೊದಲಿನ ಅನುಭವದಿಂದ ಏನು ಕಲಿತಿತ್ತು, ಇವನ್ನು ತಿಂಗಳುಗಟ್ಟಲೆ ಬೆನ್ನು ಹತ್ತಿ ದಾಖಲಿಸಲು ನೋಟಗಳ ಲೆಕ್ಕ ಪ್ರೇರಣೆ ಕೊಡುವುದಿಲ್ಲ. ಆ ಚಿತ್ರಕ್ಕೆ ಬೇಕಾದ ಪ್ರೇಕ್ಷಕರು ಲಕ್ಷವಲ್ಲ; ಯಡೂರ, ಕಲ್ಲೋಳ, ಮಾಂಜರಿಯ ಗ್ರಾಮಸಭೆಯಲ್ಲಿ ಕೂರುವ ಇನ್ನೂರು ಜನ, ಅವರ ಎದುರಿಗೆ ಉತ್ತರ ಹೇಳಬೇಕಾದ ಕೆಲವರು.

ಎರಡನೆಯ ಆಕ್ಷೇಪ ಇದಕ್ಕಿಂತ ಬಿಗಿಯಾದದ್ದು. ಸ್ವಯಂಸೇವೆ ಎಂಬ ಒಳ್ಳೆಯ ಹೆಸರಿನಲ್ಲಿ ಬಡ ಊರಿನ ಹುಡುಗ-ಹುಡುಗಿಯರಿಂದ ಪುಕ್ಕಟೆ ದುಡಿಸಿಕೊಳ್ಳುವುದಲ್ಲವೇ ಇದು? ಹೌದು, ಹಾಗಾಗಿದೆ, ಆಗುತ್ತಲೂ ಇದೆ. ಗೋವಾದಲ್ಲಿ ನೆಲೆಗೊಂಡ ‘ವಿಡಿಯೋ ವಾಲಂಟಿಯರ್ಸ್’ ಸಂಸ್ಥೆಯ ಅನುಭವ ಇಲ್ಲಿ ಉಪಯುಕ್ತ. 2003ರಲ್ಲಿ ಹುಟ್ಟಿದ ಈ ಸಂಸ್ಥೆ ಮೊದಲು ಊರ ಜನರ ತಂಡಗಳಿಗೆ ತರಬೇತಿ ಕೊಟ್ಟು, ಮಾಡಿದ ಚಿತ್ರಗಳನ್ನು ಹಳ್ಳಿಹಳ್ಳಿಗಳಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವ ಘಟಕಗಳನ್ನು ನಡೆಸಿತು. ಇಂಥ ಘಟಕಕ್ಕೆ ಖರ್ಚು ಹೆಚ್ಚು, ಅದು ದಾನಿಗಳ ಹಣವನ್ನೇ ನೆಚ್ಚಬೇಕು. 2010ರಲ್ಲಿ ‘ಇಂಡಿಯಾ ಅನ್‌ಹರ್ಡ್’ ಶುರುವಾದಾಗ ಒಬ್ಬೊಬ್ಬ ಬಾತ್ಮೀದಾರರಿಗೆ ವಿಡಿಯೋಗೆ ಇಷ್ಟು ಎಂದು ಹಣ ಕೊಡುವ ಪದ್ಧತಿ ಬಂತು. ಹೆಸರಿನಲ್ಲಿ ಸ್ವಯಂಸೇವೆ ಇದ್ದರೂ ಕೆಲಸಕ್ಕೆ ಕೂಲಿ ಇರಬೇಕೆಂದು ಆ ಸಂಸ್ಥೆ ಒಪ್ಪಿಕೊಂಡಿತು ಎಂದು ನಾನು ಇದನ್ನು ಓದುತ್ತೇನೆ. ಚಿಕ್ಕೋಡಿ ಸೀಮೆಯಲ್ಲೂ ಈ ಗೆರೆಯನ್ನು ಮೊದಲೇ ಎಳೆಯಬೇಕು. ಲಗ್ನದ ವಿಡಿಯೋ ತೆಗೆದು ಹೊಟ್ಟೆ ಹೊರೆಯುವ ಫೋಟೋ ಸ್ಟುಡಿಯೋದ ಹುಡುಗ ಒಂದು ದಿನ ಸಂಘದ ಕೆಲಸಕ್ಕೆ ಬಂದರೆ ಅವನ ದಿನಗೂಲಿ ವರ್ಗಣಿಯಿಂದ ಹೋಗಬೇಕು, ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರರಿಗೆ ಹೋಗುವ ಹಾಗೆಯೇ. ಕೂಲಿಯಿಲ್ಲದೆ ನಡೆಯಬೇಕಾದದ್ದು ಸಭೆ ಸೇರುವುದು, ಮಾತಾಡುವುದು, ತಿದ್ದುವುದು. ಇದನ್ನು ಕೂಲಿ ಕೊಟ್ಟು ಮಾಡಿಸಿದರೆ ಅರ್ಥವೂ ಉಳಿಯುವುದಿಲ್ಲ.

ಭಾಷೆಯ ಆಕ್ಷೇಪವನ್ನು ಗಡಿಯ ಜನ ಕೇಳದೆ ಬಿಡುವುದಿಲ್ಲ. 1956ರ ರಾಜ್ಯ ಮರುವಿಂಗಡಣೆ, 1967ರ ಮಹಾಜನ ವರದಿ, ಆಮೇಲಿನ ಗದ್ದಲಗಳು ಈ ತಾಲ್ಲೂಕುಗಳ ಪ್ರತಿ ಸಾರ್ವಜನಿಕ ಕೆಲಸದ ಮೇಲೂ ನೆರಳು ಚೆಲ್ಲಿವೆ. ಮರಾಠಿಯಲ್ಲಿ ಮಾತಾಡುವ ಚಿತ್ರವನ್ನು ಕನ್ನಡದ ಸಂಘ ತನ್ನ ಊರಿನದೆನ್ನಬಹುದೇ? ವಖಾರದ ಹೆಣ್ಣುಮಕ್ಕಳು ತಾವು ಆಡುವ ಮಾತಿನಲ್ಲೇ ಕ್ಯಾಮೆರಾದ ಮುಂದೆಯೂ ಮಾತಾಡಿದರು; ಅವರಿಗೆ ಬೇರೊಂದು ಭಾಷೆ ಹೊರಿಸಿದ್ದರೆ ಆ ಚಿತ್ರವೇ ಇರುತ್ತಿರಲಿಲ್ಲ. ಸಂತೆಯಲ್ಲಿ ಒಂದೇ ವಾಕ್ಯದೊಳಗೆ ಎರಡೂ ಭಾಷೆ ಆಡುವ ನೆಲದಲ್ಲಿ ಚಿತ್ರ ಒಂದೇ ಭಾಷೆಯದ್ದಾಗಿರಬೇಕೆಂಬ ಹಟ ಊರಿನದಲ್ಲ, ವೇದಿಕೆಯದು. ಕನ್ನಡ ಸಂಘಗಳು ಇಂಥ ಚಿತ್ರಕ್ಕೆ ಒಳ್ಳೆಯ ಕನ್ನಡ ಅಡಿಬರಹ ಕೊಟ್ಟರೆ ಗಡಿಯಲ್ಲಿ ಕನ್ನಡದ ಬಳಕೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಉಳಿದದ್ದು ಕಾಯ್ದಿಡುವ ಪ್ರಶ್ನೆ. ಸ್ವಯಂಸೇವಕರು ಬೇಗ ಕೈಹಾಕಬಹುದಾದ ಕೆಲಸವೂ ಇದೇ. ಯುಗಾಂತರದ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದು ಉಳಿಸಿದ್ದು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ. ಅದಕ್ಕೆ ಕೃತಜ್ಞರಾಗಿರೋಣ. ಆದರೆ ನಿಪ್ಪಾಣಿಯ ಹೋರಾಟದ ಚಿತ್ರ ನಿಪ್ಪಾಣಿಯ ಗ್ರಂಥಾಲಯದಲ್ಲಿ, ಚಿಕ್ಕೋಡಿಯ ಕಾಲೇಜುಗಳಲ್ಲಿ ಕೇಳಿದ ಕೂಡಲೇ ಸಿಗುವಂತಿರಬೇಕು. ಈಗ ಅರಿವು ಕೇಂದ್ರಗಳಾಗಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಕಂಪ್ಯೂಟರು, ಟಿವಿ ಬರುತ್ತಿವೆ. ಊರಿನ ಪಾರಿಜಾತದ ಆಟ, ಜಾತ್ರೆಯ ನಾಟಕ, ಪ್ರವಾಹದ ವರ್ಷದ ಫೋನ್ ದೃಶ್ಯಗಳು ಇವನ್ನೆಲ್ಲ ತೆಗೆದವರ ಒಪ್ಪಿಗೆಯೊಂದಿಗೆ, ದಿನಾಂಕ ಮತ್ತು ಜಾಗ ಬರೆದು ಅಲ್ಲಿ ಕೂಡಿಡುವುದಕ್ಕೆ ಕ್ಯಾಮೆರಾ ಬೇಡ, ಕಾಲೇಜು ಓದುವ ನಾಲ್ಕು ಜನ ಸಾಕು. ಪರದೆಯ ಮೇಲೆ ಬಂದವರ ಒಪ್ಪಿಗೆಯನ್ನೂ ಕೇಳಬೇಕು; ಅದರಲ್ಲೂ ಮೇಲ್ವಿಚಾರಕರ, ಸಾಲಗಾರರ, ಗಂಡಂದಿರ ವಿರುದ್ಧ ಮಾತಾಡಿದ ಹೆಣ್ಣುಮಕ್ಕಳಿಗೆ ತಮ್ಮ ದೃಶ್ಯವನ್ನು ಮುಂದೊಂದು ದಿನ ಹಿಂತೆಗೆದುಕೊಳ್ಳುವ ಹಕ್ಕು ಬರಹದಲ್ಲೇ ಇರಬೇಕು. ಆ ಬರಹವನ್ನು ಚಿತ್ರೀಕರಣಕ್ಕೆ ಮೊದಲು, ತಾಲೀಮಿನ ಸಭೆಯಲ್ಲಿ, ಎಲ್ಲರಿಗೂ ಕೇಳುವಂತೆ ಓದಿಸಬೇಕು.